ಹದಿನೇಳನೆಯ ಮನೆಯ ಸೊನ್ನೆ

ಜನವರಿ ಇಪ್ಪತ್ತನಾಲ್ಕು, ಶನಿವಾರ. ಅವಧಿ, ಬೆಳಗ್ಗೆ ಏಳರಿಂದ ಏಳೂಕಾಲು. ಗುಬ್ಬಿ ಸೊನ್ನೆ, ಪಾರಿವಾಳ ಸೊನ್ನೆ, ಕಾಗೆ ಸೊನ್ನೆ; ಒಟ್ಟು ಸೊನ್ನೆ.

ಬಡಾವಣೆಯ ನಾಲ್ಕು ದಿನಗಳ ಹಿತ್ತಿಲ ಹಕ್ಕಿ ಎಣಿಕೆಯ ಮೊದಲ ದಿನ ನಲವತ್ತೊಂದು ಮನೆಗಳಿಂದ ಪಟ್ಟಿ ಬಂದಿತ್ತು. ನಲವತ್ತರಲ್ಲಿ ಏನಾದರೊಂದು ಸಂಖ್ಯೆ ಇತ್ತು. ಹದಿನೇಳನೆಯ ಮನೆಯದರಲ್ಲಿ ಮಾತ್ರ ಸೊನ್ನೆಗಳು, ಒಂದರ ಕೆಳಗೊಂದು, ಅಚ್ಚೊತ್ತಿದಷ್ಟು ದುಂಡಗೆ ಕೂತಿದ್ದವು.

ಪಟ್ಟಿಗಳನ್ನು ತಾಳೆ ನೋಡುವ ಹೊಣೆ ಅದೇ ಬಡಾವಣೆಯಲ್ಲಿ ವಾಸವಿದ್ದ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರನದು. ನಲವತ್ತಾರು ವರ್ಷದ ಒಂಟಿ ಮನುಷ್ಯ. ಅಂಗಡಿಯವರು ಬೆನ್ನ ಹಿಂದೆ ಅವನನ್ನು ತಕ್ಕಡಿ ಎನ್ನುತ್ತಿದ್ದರು; ಧೈರ್ಯವಿದ್ದವರು ಎದುರಿಗೂ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸುಳ್ಳು ತೂಕಕ್ಕೆ ಒಮ್ಮೆಯೂ ರುಜು ಹಾಕಿದವನಲ್ಲ.

ಎಣಿಕೆಗೆ ಒಂದು ನಿಯಮವಿತ್ತು. ಯಾರಾದರೂ ಪೂರ್ತಿ ಸೊನ್ನೆ ಕಳಿಸಿದರೆ, ಉಳಿದ ಮೂರು ದಿನವೂ ತಾಳೆ ನೋಡುವವನು ಅದೇ ಹೊತ್ತಿಗೆ ಹೋಗಿ ಅದೇ ಜಾಗದಲ್ಲಿ ಕೂತು ಎಣಿಸಬೇಕು. ಸೊನ್ನೆಯೂ ಒಂದು ಲೆಕ್ಕವೇ. ಆದರೆ ಕಾಣದ್ದಕ್ಕೂ ನೋಡದ್ದಕ್ಕೂ ವ್ಯತ್ಯಾಸವಿದೆ.

ಭಾನುವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಅವನು ಹದಿನೇಳನೆಯ ಮನೆಯ ಬಾಗಿಲು ತಟ್ಟಿದ.

ಅದು ಪುಸ್ತಕಕ್ಕೆ ರಟ್ಟು ಕಟ್ಟುವವರ ಮನೆ. ಮುಂದಿನ ಕೋಣೆಯ ತುಂಬ ಬಿಡಿ ಹಾಳೆಗಳ ಗಂಟು, ಒತ್ತುವ ಯಂತ್ರ, ಹಿಟ್ಟಿನ ಅಂಟಿನ ಹುಳಿ ವಾಸನೆ. ಬಾಗಿಲು ತೆರೆದವಳ ಹಲ್ಲುಗಳ ನಡುವೆ ಮೇಣ ಸವರಿದ ದಾರವಿತ್ತು. ಅದನ್ನು ತೆಗೆಯುವವರೆಗೂ ಅವಳು ಕಣ್ಣಲ್ಲೇ ಏನು ಎಂದು ಕೇಳಿದಳು. ಮೂವತ್ತೊಂಬತ್ತರ ಆಸುಪಾಸಿನ ಆ ಕಣ್ಣುಗಳು ನಿದ್ದೆಗೆಟ್ಟಿದ್ದವು. ಅವು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದವು. ಅಳೆಸಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

"ಸೊನ್ನೆ ಬರೆದಿದ್ದೀರಿ," ಎಂದ.

"ಸೊನ್ನೆ ಇತ್ತು. ಬರೆದೆ."

"ತಪಾಸಣೆ ಮಾಡಬೇಕು."

"ಇಲ್ಲದ್ದನ್ನ ಹೇಗೆ ತಪಾಸಣೆ ಮಾಡ್ತೀರಿ?"

"ಕೂತ್ಕೊಂಡು."

ಅವಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಅಷ್ಟರಲ್ಲಿ ಒಳಕೋಣೆಯಿಂದ ಮುದಿ ಧ್ವನಿಯೊಂದು, "ಯಾರಮ್ಮಾ?" ಎಂದಿತು.

"ಎಣಿಕೆಯವರು, ಅಪ್ಪಾ."

"ಇವತ್ತೂ ಹನ್ನೊಂದು ಅಂತ ಹೇಳು ಅವರಿಗೆ. ಏಳು ಗುಬ್ಬಿ ಇದಾವೆ ಅನ್ನು."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ, ಅವಳನ್ನು ನೋಡಿದ. ಅವಳ ಕತ್ತು ಕೆಂಪಾಗಿತ್ತು. ಆದರೂ ಅವಳು ಕಣ್ಣು ತಗ್ಗಿಸಲಿಲ್ಲ. ಆ ನೋಟದಲ್ಲಿ ಬೇಡಿಕೆ ಅರ್ಧ, ಬೆದರಿಕೆ ಅರ್ಧ. ಅವನು ಪಟ್ಟಿ ಮಡಚಿ ಹಿತ್ತಿಲ ಕಡೆ ನಡೆದ.

ಹಿತ್ತಿಲು ಇಪ್ಪತ್ತು ಹೆಜ್ಜೆ ಉದ್ದ, ಹನ್ನೆರಡು ಹೆಜ್ಜೆ ಅಗಲ. ಒಂದು ಮರ, ಒಂದು ಕಲ್ಲಿನ ಮೆಟ್ಟಿಲು. ಮರದಿಂದ ಗೋಡೆಗೆ ದಾರ ಎಳೆದು, ಪುಸ್ತಕದ ಬೆನ್ನಿಗೆ ಹೊನ್ನಕ್ಷರ ಒತ್ತಲು ಬಳಸುವ ಮಿರುಗು ಹಾಳೆಯ ಚೂರುಗಳನ್ನು ಉದ್ದಕ್ಕೂ ತೂಗುಬಿಟ್ಟಿದ್ದರು. ಗಾಳಿಗೆ ಅವು ಫಳಫಳ ಹೊಳೆದು ಪರಪರ ಸದ್ದು ಮಾಡುತ್ತಿದ್ದವು. ಹಕ್ಕಿಯನ್ನು ಓಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

"ಹಕ್ಕಿ ಕಂಡ್ರೆ ಆಗದವರು ಎಣಿಕೆಗೆ ಯಾಕೆ ಸೇರಿದ್ರಿ?" ಎಂದು ಅವನು ಒರಟಾಗಿಯೇ ಕೇಳಿದ.

"ಸೇರಿದ್ದು ಅಪ್ಪ. ಇಪ್ಪತ್ತಾರು ವರ್ಷದ ಹಿಂದೆ ಈ ಎಣಿಕೆ ಶುರು ಮಾಡಿದವರೇ ಅವರು. ನೀವು ಕೂತ್ಕೊಳ್ಳಿ, ಮಾತಾಡಿದ್ರೆ ಹಕ್ಕಿ ಹೆದರ್ತವೆ."

"ಯಾವ ಹಕ್ಕಿ?"

ಅವಳು ಒಳಗೆ ಹೋದಳು. ಅವನು ಹದಿನೈದು ನಿಮಿಷ ಮೆಟ್ಟಿಲ ಮೇಲೆ ಕೂತು, ಸೊನ್ನೆ ಬರೆದು, ರುಜು ಹಾಕಿ ಹೊರಟ. ಮನೆ ತಲುಪಿದ ಮೇಲೂ ಆ ಅರ್ಧ ನಗು ಅವನ ಜೊತೆಗೇ ಬಂದಿರುವುದು ಗೊತ್ತಾಯಿತು. ಅದನ್ನು ಯಾವ ಕಲಂನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.

ಸೋಮವಾರ ಮೂಲೆಯ ದಿನಸಿ ಅಂಗಡಿಯವನು ಬಾಗಿಲು ತೆರೆಯುತ್ತಿದ್ದವನು ಅವನನ್ನು ಕಂಡು ನಿಂತ. "ಏನ್ ಸಾಹೇಬ್ರೇ, ನಮ್ಮ ತಕ್ಕಡಿ ನೋಡೋಕೆ ವರ್ಷಕ್ಕೊಂದು ಸಲ ಬರ್ತೀರಿ. ಆ ಮನೆಗೆ ದಿನಾನಾ?"

"ನಿಯಮ ಹಾಗಿದೆ."

"ಶರಟಿಗೆ ಇಸ್ತ್ರಿ ಹಾಕೋದೂ ನಿಯಮದಲ್ಲಿ ಇದೆಯಾ?"

ಇನ್ಸ್‌ಪೆಕ್ಟರ್ ಕೇಳಿಸದವನಂತೆ ನಡೆದ. ಇಸ್ತ್ರಿ ಹಾಕಿದ್ದು ನಿಜ.

ಆ ದಿನ ಅವಳು ಒಳಗೆ ಹೋಗಲಿಲ್ಲ. ಅದೇ ಮೆಟ್ಟಿಲ ಇನ್ನೊಂದು ಕೊನೆಯಲ್ಲಿ ಕೂತಳು. ನಡುವೆ ಎರಡು ಮೊಳ ಜಾಗವಿತ್ತು. ಅವಳ ಬೆರಳ ತುದಿಗಳಲ್ಲಿ ಸೂಜಿಯ ಗುರುತು, ಉಗುರ ಸಂದಿಯಲ್ಲಿ ಒಣಗಿದ ಅಂಟು. ಹಕ್ಕಿ ನೋಡಬೇಕಾದವನು ಮೂರು ಸಲ ಆ ಕೈ ನೋಡಿದ. ಮೂರನೆಯ ಸಲ ಅವಳು ನೇರ ಮುಂದೆ ನೋಡುತ್ತಲೇ, "ಅದು ಪಟ್ಟಿಯಲ್ಲಿ ಇಲ್ಲ," ಎಂದಳು.

ಅವನ ಕಿವಿ ಬಿಸಿಯಾಯಿತು. ಅವಳು ನಗಲಿಲ್ಲ. ಗಡಿಯಾರ ಏಳೂಕಾಲು ತೋರಿಸಿತು. ಅವನು ಸೊನ್ನೆ ಬರೆದ.

"ನೀವು ಯಾಕೆ ಅಂತ ಕೇಳಲ್ವಾ?"

"ಎಷ್ಟು ಅಂತ ಕೇಳೋದಷ್ಟೇ ನನ್ನ ಕೆಲಸ."

"ಹಾಗಾದ್ರೆ ಎಷ್ಟು ಅಂತಾನೇ ಹೇಳ್ತೀನಿ. ಇಪ್ಪತ್ಮೂರು."

ಅವಳು ಮರದ ಬುಡಕ್ಕೆ ಬೊಟ್ಟು ಮಾಡಿದಳು. ಅಲ್ಲಿ ಒಂದು ಮಡಿಯಷ್ಟು ಮಣ್ಣು ಹೊಸದಾಗಿ ಅಗೆದು ಮುಚ್ಚಿದಂತಿತ್ತು.

ರಟ್ಟಿನ ಅಂಟನ್ನು ಹಿಟ್ಟಿನಿಂದ ಕುದಿಸುತ್ತಾರೆ. ಹುಳ ಕಾಗದ ತಿನ್ನದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ನೀಲಿ ಬಣ್ಣದ ವಿಷ. ಈ ವರ್ಷ ಹುಳ ಹೆಚ್ಚಿತ್ತು. ಅವಳು ಎರಡರಷ್ಟು ಬೆರೆಸಿದಳು. ಜನವರಿ ಮೊದಲ ವಾರ ಒಂದು ಪಾತ್ರೆ ಅಂಟು ಹಳಸಿತು. ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆಂದು ಹಿತ್ತಿಲಿಗೆ ಚೆಲ್ಲಿದಳು. ಚಳಿಗೆ ಹಸಿದಿದ್ದ ಗುಬ್ಬಿಗಳಿಗೆ ಅದು ಹಿಟ್ಟಾಗಿಯೇ ಕಂಡಿತು.

"ಎರಡು ದಿನ ಬಿದ್ದವು. ಎಣಿಸಿ ಎಣಿಸಿ ಹೂತೆ. ಮಣ್ಣಲ್ಲಿ ಇನ್ನೂ ಅಂಟು ಇದೆ, ಬಂದವು ಕುಕ್ಕುತ್ತವೆ. ಅದಕ್ಕೇ ಈ ಹಾಳೆ ಕಟ್ಟಿದ್ದು. ಹಕ್ಕಿ ಕಂಡ್ರೆ ಆಗದೆ ಅಲ್ಲ."

ಅವನಿಗೆ ನಿನ್ನೆಯ ತನ್ನ ಒರಟು ಮಾತು ನೆನಪಾಯಿತು. "ತಪ್ಪಾಯ್ತು," ಎಂದ.

"ನಿಮ್ಮದಲ್ಲ. ಅಪ್ಪನಿಗೆ ಕಣ್ಣು ಹೋಗಿ ಎರಡು ವರ್ಷ. ಪಾರ್ಶ್ವವಾಯು ಹೊಡೆದು ಐದು ತಿಂಗಳು. ದಿನಾ ಬೆಳಗ್ಗೆ ಎಷ್ಟು ಬಂದವು ಅಂತ ಕೇಳೋದೊಂದೇ ಅವರಿಗೆ ಉಳಿದಿರೋದು. ಇಪ್ಪತ್ತಾರು ವರ್ಷ ಸಾಕಿದ ಹಾಗೆ ಕಾದಿದ್ದನ್ನ ಮಗಳು ಎರಡೇ ದಿನದಲ್ಲಿ ಕೊಂದಳು ಅಂತ ಹೇಗೆ ಹೇಳಲಿ? ನೀವೂ ಹೇಳ್ಬೇಡಿ."

ಅವನು ಒಪ್ಪಿ ತಲೆಯಾಡಿಸಿದ. ಏಳುವಾಗ, ಎರಡು ಮೊಳವಿದ್ದ ಜಾಗ ಒಂದು ಗೇಣಾಗಿರುವುದು ಕಂಡಿತು. ಜರುಗಿದ್ದು ಯಾರೆಂದು ಇಬ್ಬರೂ ಹೇಳುವಂತಿರಲಿಲ್ಲ.

ಮಂಗಳವಾರ, ಕೊನೆಯ ದಿನ, ಎಣಿಕೆ ಮುಗಿದ ಮೇಲೆ ಮುದುಕರು ಅವನನ್ನು ಒಳಗೆ ಕರೆಸಿದರು. ಇಕ್ಕಟ್ಟಾದ ಕೋಣೆ, ಕಬ್ಬಿಣದ ಮಂಚ, ಗೋಡೆಗೊತ್ತಿ ಇಪ್ಪತ್ತಾರು ಸಣ್ಣ ಪುಸ್ತಕಗಳು, ಎಲ್ಲಕ್ಕೂ ಒಂದೇ ಕಂದು ರಟ್ಟು. ಮುದುಕರ ಬಲಗೈ ಹೊದಿಕೆಯ ಮೇಲೆ ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿತ್ತು.

"ನೀವು ತೂಕದ ಇಲಾಖೆಯವರಂತೆ."

"ಹೌದು."

"ಇವಳು ಹನ್ನೊಂದು ಅಂತಾಳೆ. ಏಳು ಗುಬ್ಬಿ, ಮೂರು ಪಾರಿವಾಳ, ಒಂದು ಕಾಗೆ. ಮೂರು ವಾರದಿಂದ ಅದೇ ಹನ್ನೊಂದು. ಇಪ್ಪತ್ತಾರು ವರ್ಷದಲ್ಲಿ ಎರಡು ದಿನ ಒಂದೇ ಲೆಕ್ಕ ಬಂದದ್ದನ್ನ ನಾನು ಕಾಣೆ. ನನ್ನ ಮಗಳು ಸುಳ್ಳು ಹೇಳೋದ್ರಲ್ಲೂ ಸೋಮಾರಿ. ನೀವು ಹೇಳಿ. ಎಷ್ಟು?"

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಏಪ್ರನ್ ಮುದ್ದೆಯಾಗಿತ್ತು. ಅವನತ್ತ ನೋಡಿ ಒಮ್ಮೆ, ಒಂದೇ ಸಲ, ಬೇಡ ಎಂಬಂತೆ ತಲೆಯಾಡಿಸಿದಳು.

ಹನ್ನೊಂದು ಎಂದರೆ ಮುಗಿಯುತ್ತಿತ್ತು. ಮುದುಕರಿಗೆ ನೆಮ್ಮದಿಯಾಗುತ್ತಿತ್ತು, ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ತುಟಿಯ ಎರಡೂ ಕೊನೆಗಳಿಂದ ನಗುತ್ತಿದ್ದಳು. ಆ ನಗು ತನಗೆ ಎಷ್ಟು ಬೇಕಾಗಿದೆ ಎಂಬುದು ಅವನಿಗೆ ಆಗ ತಿಳಿಯಿತು, ತಿಳಿದು ಹೆದರಿದ. ತೂಗುವಾಗ ತಟ್ಟೆಯ ಮೇಲೆ ಹೆಬ್ಬೆರಳಿಟ್ಟವರನ್ನು ಹಿಡಿಯುವುದೇ ಅವನ ಕಸುಬು. ಈಗ ತಟ್ಟೆಯ ಮೇಲಿದ್ದದ್ದು ಅವನದೇ ಹೆಬ್ಬೆರಳು.

"ಸೊನ್ನೆ," ಎಂದ.

ಮುದುಕರು ಬಾಗಿಲ ಕಡೆ ಮುಖ ತಿರುಗಿಸಿದರು.

"ಅಂಟು ಎಲ್ಲಿ ಚೆಲ್ಲಿದೆ, ಮಗಳೇ?" ಮುದುಕರ ಧ್ವನಿ ಏರಲಿಲ್ಲ.

ಅವಳು ಬೆಚ್ಚಿದಳು. "ಹಿತ್ತಿಲಲ್ಲಿ."

"ತುತ್ತ?"

"ಎರಡರಷ್ಟು."

"ಎಷ್ಟು ಸತ್ತವು?"

"ಇಪ್ಪತ್ಮೂರು."

"ನಂದು ಹದಿನಾಲ್ಕು."

ಅವಳಿಗೆ ಅರ್ಥವಾಗಲಿಲ್ಲ. ಮುದುಕರು ತಡೆತಡೆದು, ಬಾಯಿಯ ಒಂದೇ ಬದಿಯಿಂದ ಹೇಳಿದರು. ಕಸುಬಿಗಿಳಿದ ಮೊದಲ ಚಳಿಗಾಲದಲ್ಲಿ ಅವರೂ ಇದೇ ಮೆಟ್ಟಿಲ ಮೇಲೆ ನಿಂತು ಹಳಸಿದ ಅಂಟು ಚೆಲ್ಲಿದ್ದರು. ಆಗ ಅವಳಿಗೆ ಹದಿಮೂರು, ಅಜ್ಜಿಯ ಮನೆಯಲ್ಲಿದ್ದಳು. ಹಿತ್ತಿಲಿಗೆ ಮತ್ತೆ ಹಕ್ಕಿ ಬರುತ್ತವೆಯೋ ಇಲ್ಲವೋ ನೋಡಲೆಂದೇ ಎಣಿಸಲು ಕೂತರು. ಪಕ್ಕದ ಮನೆಯವರಿಗೆ ಅದು ಹವ್ಯಾಸದಂತೆ ಕಂಡಿತು, ಅವರೂ ಸೇರಿದರು. ಹೀಗೆ ಎಣಿಕೆ ಹುಟ್ಟಿತು. ಅವರ ಹಿತ್ತಿಲಲ್ಲಿ ಒಮ್ಮೆಗೇ ಹದಿನಾಲ್ಕು ಕಾಣಲು ಆರು ವರ್ಷ ಬೇಕಾಯಿತು.

"ನಂಗೆ ಹೇಳಲಿಲ್ಲ ಯಾಕೆ?" ಅವಳ ಧ್ವನಿ ಒಡೆದಿತ್ತು. "ಕಸುಬು ಕಲಿಸುವಾಗ ಒಂದು ಮಾತು ಹೇಳಿದ್ದಿದ್ರೆ ನಾನು ಚೆಲ್ತಿದ್ನಾ?"

"ನಾಚಿಕೆ," ಎಂದರು ಮುದುಕರು. ಆಮೇಲೆ, "ಹಾಗಾದ್ರೆ ನಿನ್ನ ಇಪ್ಪತ್ಮೂರೂ ನನ್ನವೇ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಮರುದಿನದಿಂದ ಅವರು ಎಷ್ಟು ಬಂದವು ಎಂದು ಕೇಳಲಿಲ್ಲ. ಊಟ ಅರ್ಧವಾಯಿತು, ಆಮೇಲೆ ಕಾಲಾಯಿತು. ಮೂವತ್ತನೆಯ ದಿನ, ಫೆಬ್ರವರಿ ಇಪ್ಪತ್ತಾರರಂದು, ಗೋಡೆಯತ್ತ ಮುಖವಿಟ್ಟೇ ತೀರಿಕೊಂಡರು.

ಆ ಮೂವತ್ತು ದಿನವೂ ಇನ್ಸ್‌ಪೆಕ್ಟರ್ ಆ ಬೀದಿಯಲ್ಲಿ ಹಾಯಲಿಲ್ಲ. ದಿನಸಿ ಅಂಗಡಿಯವನೂ ಏನೂ ಕೇಳಲಿಲ್ಲ. ಸಾವಿನ ಸುದ್ದಿ ಕೇಳಿ ಹೋದಾಗ ಅವಳು ಅವನನ್ನು ಎಲ್ಲರಂತೆ ಕೂರಿಸಿ, ಎಲ್ಲರಂತೆ ಕಳಿಸಿದಳು. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವನು ಗುದ್ದಲಿ, ಪಿಕಾಸಿ ಮತ್ತು ಇಪ್ಪತ್ತು ಖಾಲಿ ಗೋಣಿಚೀಲ ಹೊತ್ತು ಬಾಗಿಲು ತಟ್ಟಿದ.

"ಇದೇನು?"

"ಅಂಟು ಚೆಲ್ಲಿದ ಜಾಗದಲ್ಲಿ ಆರು ಅಂಗುಲ ಮಣ್ಣು ತೆಗೀಬೇಕು. ಕೃಷಿ ಪ್ರಯೋಗಾಲಯದಲ್ಲಿ ವಿಚಾರಿಸಿದೆ. ತೆಗೆದ ಮಣ್ಣು ಎಲ್ಲಿ ಹಾಕ್ಬೇಕು ಅನ್ನೋದನ್ನೂ ಕೇಳ್ಕೊಂಡು ಬಂದೆ."

ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಈ ಸಲದ ನೋಟದಲ್ಲಿ ಕೆಣಕುವುದೇನೂ ಇರಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವನು ಅಗೆದ, ಅವಳು ತುಂಬಿದಳು. ಏಳು ಚೀಲ ತುಂಬಿದವು.

"ನೀವು ಹನ್ನೊಂದು ಅಂದಿದ್ರೆ," ಅವಳು ಚೀಲದ ಬಾಯಿ ಕಟ್ಟುತ್ತ ಹೇಳಿದಳು, "ಅಪ್ಪ ಇನ್ನೂ ಸ್ವಲ್ಪ ದಿನ ಇರ್ತಿದ್ರು."

"ಇರ್ತಿದ್ರು."

"ಇಲ್ಲ ಅಂತಾದ್ರೂ ಅನ್ನಿ. ಎದುರು ವಾದಿಸಿ. ಜಗಳ ಆಡೋಕಾದ್ರೂ ಒಂದು ದಾರಿ ಆಗುತ್ತೆ."

"ನೀವು ಹೇಳೋದು ಸರಿ ಇದೆ."

"ಮತ್ತೆ ಯಾಕೆ ಅನ್ನಲಿಲ್ಲ? ಕೆಲಸದ ಶಿಸ್ತಾ?"

ಅವನು ಗುದ್ದಲಿ ಊರಿ ನಿಂತ. "ನಿಮ್ಮ ಕಣ್ಣಲ್ಲಿ ಒಳ್ಳೆಯವನಾಗಬೇಕು ಅನ್ನೋ ಆಸೆ ಇತ್ತು. ತುಂಬಾನೇ ಇತ್ತು. ಅಷ್ಟು ಆಸೆ ಇಟ್ಕೊಂಡು ಬಾಯಿಗೆ ಬಂದ ಸಂಖ್ಯೆಯನ್ನ ನಂಬೋಕೆ ನನ್ನಿಂದ ಆಗಲಿಲ್ಲ."

ಅವಳು ಕಟ್ಟುತ್ತಿದ್ದ ಗಂಟು ಕೈಯಲ್ಲೇ ಉಳಿಯಿತು. "ಪ್ರೀತಿ ಅನ್ನೋದನ್ನ ಹೀಗೂ ಹೇಳ್ತಾರಾ?"

"ಬೇರೆಯವರು ಹೇಗೆ ಹೇಳ್ತಾರೋ ಗೊತ್ತಿಲ್ಲ. ನನಗೆ ಬಂದದ್ದು ಇಷ್ಟೇ." ಅವನು ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. "ನನ್ನ ಜೊತೆ ಬಾಳ್ತೀರಾ ಅಂತ ಕೇಳೋಕೆ ಬಂದೆ. ಮಣ್ಣು ತೆಗೆಯೋದು ಅದಕ್ಕೆ ನೆಪ ಅಲ್ಲ. ನೀವು ಬೇಡ ಅಂದ್ರೂ ಇಪ್ಪತ್ತು ಚೀಲ ತುಂಬಿಸಿಯೇ ಹೋಗ್ತೀನಿ."

ಅವಳು ಮೆಟ್ಟಿಲ ಮೇಲೆ ಕುಸಿದಂತೆ ಕೂತಳು. ಅಳುತ್ತಾಳೆಂದುಕೊಂಡ, ಅಳಲಿಲ್ಲ. ಅವನ ಅಂಗೈ ಹಿಡಿದೆಳೆದು, ಬೊಕ್ಕೆಯೆದ್ದ ಜಾಗವನ್ನು ಅಂಟು ಮೆತ್ತಿದ ತನ್ನ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ರಟ್ಟು ಒಣಗಿದೆಯೇ ಎಂದು ನೋಡುವವರ ಒತ್ತು ಅದು.

"ನಿಮ್ಮ ಮುಖ ನೋಡಿದಾಗೆಲ್ಲ ಅಪ್ಪನ ಬೆನ್ನು ಕಾಣ್ತದೆ," ಎಂದಳು. "ನೋಡದೇ ಇದ್ದ ದಿನಗಳಲ್ಲಿ ನಿಮ್ಮ ಮುಖವೇ ಕಾಣ್ತಿತ್ತು. ಇದನ್ನ ಹೇಗೆ ಕೂಡಿಸ್ಲಿ, ಹೇಗೆ ಕಳೀಲಿ, ನಂಗೆ ಗೊತ್ತಾಗ್ತಿಲ್ಲ."

"ಕಾಯ್ತೀನಿ."

"ಎಷ್ಟು ದಿನ ಅಂತ ಕೇಳ್ಬೇಡಿ."

"ಕೇಳಲ್ಲ."

"ಕೇಳ್ತೀರಿ. ಕೇಳದೇ ಇರೋ ಜಾತಿಯಲ್ಲ ನಿಮ್ಮದು." ಅವಳು ಕೈ ಬಿಟ್ಟು ಎದ್ದಳು. "ಉತ್ತರ ನನ್ನ ಹತ್ರ ಬಾಕಿ ಇದೆ. ಕೊಡ್ತೀನಿ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಮುಂದಿನ ಭಾನುವಾರ ಬರೋವಾಗ ಇನ್ನೊಂದು ಗುದ್ದಲಿ ತನ್ನಿ."

ಅವನು ಎಂಟನೆಯ ಚೀಲದ ಒಂದು ತುದಿ ಹಿಡಿದ. ಇನ್ನೊಂದನ್ನು ಅವಳು ಹಿಡಿದಳು. ಭಾರಕ್ಕೆ ಇಬ್ಬರೂ ಬಾಗಿ, ಹೆಜ್ಜೆ ಸರಿಹೊಂದಿಸಿಕೊಂಡು, ಗೇಟಿನ ಕಡೆ ನಡೆದರು.