ಉಸಿರುಮಾಪಕ ಕೇಳಿದ ದನಿ

ಹನುಮಂತನಗರದಿಂದ ಬಂದ ಕರೆಯನ್ನು ಉಸಿರುಮಾಪಕ ಒಂಬತ್ತು ಸೆಕೆಂಡು ಆಲಿಸಿತು. ಒಂದೇ ಉಸಿರಿಗೆ ಹದಿನಾರು ಪದ, ಎಲ್ಲೂ ಏದುಸಿರಿಲ್ಲ. ಮೂರನೇ ದರ್ಜೆ, ಕಾಯಬಹುದು ಎಂದು ಪರದೆಯ ಮೇಲೆ ತೀರ್ಪು ಮೂಡಿತು. ಆಗ ಬೆಳಿಗ್ಗೆ ಹತ್ತು ಗಂಟೆ.

ಸಾಂಕ್ರಾಮಿಕದ ಎರಡನೇ ತಿಂಗಳು ಅದು. ಬೆಂಗಳೂರಿನಲ್ಲಿ ಒಂದೊಂದು ಆಂಬುಲೆನ್ಸಿಗೆ ದಿನಕ್ಕೆ ನಲವತ್ತು ಕರೆ. ಯಾರ ಮನೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸಲು ಡಾ. ಮಂದಾಕಿನಿ ಈ ಯಂತ್ರವನ್ನು ರೂಪಿಸಿದ್ದರು. ಶ್ವಾಸಕೋಶ ಸೋತವರು ಮಾತಿನ ನಡುನಡುವೆ ತಡೆದು ಉಸಿರೆಳೆಯುತ್ತಾರೆ; ಯಂತ್ರ ಆ ತಡೆಗಳನ್ನು ಎಣಿಸುತ್ತದೆ. ಮಂತ್ರಿಯ ಷಡ್ಡಕನಾದರೂ ಅದರ ಮುಂದೆ ವಶೀಲಿ ನಡೆಯದು. ಇಂಥ ನ್ಯಾಯವಂತ ಯಂತ್ರ ನಮ್ಮೂರಿಗೂ ಬಂತಲ್ಲ ಎಂದು ಜನ ಹೊಗಳಿದರು. ಮಂದಾಕಿನಿಯೂ ಸ್ವಲ್ಪ ಉಬ್ಬಿದ್ದರು.

ಆಂಬುಲೆನ್ಸ್ ಹನುಮಂತನಗರ ತಲುಪಿದಾಗ ಮಧ್ಯಾಹ್ನ ಎರಡೂವರೆ. ರೋಗಿ ಗಿರಿಜಾಂಬ ತೀರಿಕೊಂಡು ಒಂದು ಗಂಟೆಯಾಗಿತ್ತು. ಚಾಲಕ ಚೌಡಯ್ಯ ಅಲ್ಲಿಂದ ನೇರವಾಗಿ ಮಂದಾಕಿನಿಯ ಕೋಣೆಗೆ ಬಂದ.

"ಫೋನ್ ಮಾಡಿದ್ದು ಆಯಮ್ಮ ಅಲ್ಲ ಮೇಡಂ, ಅವರ ಯಜಮಾನ್ರು."

ಫೋನನ್ನು ರೋಗಿಯ ಕೈಗೇ ಕೊಡಿ ಎಂದು ಯಂತ್ರ ಮೊದಲೇ ಹೇಳುತ್ತದೆಯಲ್ಲ ಎಂದರು ಮಂದಾಕಿನಿ.

"ಹೇಳ್ತದೆ. ಆದ್ರೆ ಈ ಕಾಯ್ಲೆ ಬಂದೋರ್ನ ರೂಮಲ್ಲಿ ಬಿಟ್ಟು ಬಾಗ್ಲು ಹಾಕಿರ್ತಾರೆ. ಊಟದ ತಟ್ಟೇನೂ ಹೊಸ್ಲಲ್ಲೇ ಇಟ್ಟು ಬರ್ತಾರೆ. ಫೋನ್ ಯಾರು ಒಳಗೆ ಕೊಡ್ತಾರೆ? ಮನೇಲಿ ಗಟ್ಟಿಮುಟ್ಟಾಗಿರೋರೇ ಮಾತಾಡೋದು."

ಮಂದಾಕಿನಿ ಮೂರು ವಾರದ ಧ್ವನಿಮುದ್ರಣಗಳನ್ನು ತೆಗೆಸಿ ಕೇಳಿದರು. ಗಂಡ, ಮಗ, ಸೊಸೆ, ಪಕ್ಕದ ಮನೆಯವರು. ಯಂತ್ರ ಇಷ್ಟು ದಿನ ಹೆಚ್ಚಾಗಿ ಆರೋಗ್ಯವಂತರ ಉಸಿರನ್ನೇ ಅಳೆದಿತ್ತು. ಆಂಬುಲೆನ್ಸ್ ಓಡಿಸುವವನಿಗೆ ಹೊಳೆದದ್ದು ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅಂದೇ ಯಂತ್ರವನ್ನು ನಿಲ್ಲಿಸಿದರು.

ಮರುದಿನ ತಪ್ಪೊಪ್ಪಿಕೊಳ್ಳಲು ಹನುಮಂತನಗರಕ್ಕೆ ಹೋದರು. ಗಿರಿಜಾಂಬ ಅವರ ಗಂಡ ಶ್ರೀಕಂಠಯ್ಯ ನಿವೃತ್ತ ಭೂಗೋಳದ ಮೇಷ್ಟ್ರು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗೇಟಿನ ಒಳಗೇ ನಿಂತರು. ಬಂದವರು ಯಾರೆಂದು ತಿಳಿದ ಮೇಲೆ ಅವರೇ ಮೊದಲು ಮಾತಾಡಿದರು.

"ಗಾಬರಿಯಲ್ಲಿ ಕೂಗಾಡಿದರೆ ನಿಮ್ಮವರಿಗೆ ವಿಳಾಸ ತಿಳಿಯಲ್ಲ ಅಂತ ನಿಧಾನವಾಗಿ, ಬಿಡಿಸಿ ಹೇಳಿದೆ. ಒಳಗೆ ಅವಳು ಕೇಳಿಸ್ಕೊಂಡರೆ ಹೆದರ್ತಾಳೆ ಅಂತಲೂ ಇತ್ತು. ನಾನು ಅತ್ತುಕೊಂಡು ಹೇಳಿದ್ದರೆ ಗಾಡಿ ಬೇಗ ಬರ್ತಿತ್ತೇನಮ್ಮ?"

ಬರುತ್ತಿತ್ತು. ಅಳುವವರ ಮಾತೂ ತಡೆತಡೆದೇ ಬರುತ್ತದೆ, ಯಂತ್ರಕ್ಕೆ ವ್ಯತ್ಯಾಸ ಗೊತ್ತಿರಲಿಲ್ಲ.

"ತಪ್ಪು ನಮ್ಮ ಯಂತ್ರದ್ದು ಮೇಷ್ಟ್ರೇ," ಎಂದರು ಮಂದಾಕಿನಿ. "ನೀವು ಹೇಗೆ ಹೇಳಿದ್ದರೂ ತಡವೇ ಆಗುತ್ತಿತ್ತು."

ಮೊದಲನೆಯದು ನಿಜ. ಎರಡನೆಯದನ್ನು ಮೇಷ್ಟ್ರು ನಂಬಲಿ ಎಂದು ಮಂದಾಕಿನಿ ಗೇಟಿನ ಹೊರಗೆ ನಿಂತು ಮನಸ್ಸಿನಲ್ಲೇ ಬೇಡಿಕೊಂಡರು.