ನಿದ್ದೆಪೆಟ್ಟಿಗೆಯ ಸಾವು

ಊಟದ ಬಿಡುವು ಮುಗಿದಿತ್ತು. "ಸೈಲೆನ್ಸ್" ಎಂದು ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಿ ಹೇಳಿದಳು, "ಮಾಮ, ಕತೆಗಾರರು ನನ್ನ ಪೆಟ್ಟಿಗೇಲಿ ಮಲಗಿಬಿಟ್ಟಿದಾರೆ. ಏಳ್ತಾನೇ ಇಲ್ಲ."

ಅವಳ ಮುಖದಲ್ಲಿ ಗಾಬರಿ ಕಾಣಲಿಲ್ಲ. ಮುಖಕ್ಕೆಲ್ಲ ನೀಲಿ ಬಣ್ಣ ಬಳಿದು ಹಣೆಗೆ ಮೂರು ರಬ್ಬರ್ ಉಬ್ಬು ಅಂಟಿಸಿದ ಮೇಲೆ ಗಾಬರಿಯಾದರೂ ಕಾಣುವುದು ಕಷ್ಟ. ಹದಿನಾರರ ಈ ಹುಡುಗಿಯೇ ನಮ್ಮ 'ಕೊನೆ ಬೆಂಚಿನ ಗ್ರಹ' ಧಾರಾವಾಹಿಯ ನಾಯಕಿ. ಬೇರೆ ಗ್ರಹದಿಂದ ಬಂದ ಕುಟುಂಬವೊಂದು ಸಾಧಾರಣ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ರಾತ್ರಿ ಬೆಳ್ಳಿ ಬಣ್ಣದ ನಿದ್ದೆಪೆಟ್ಟಿಗೆಗಳಲ್ಲಿ ಮಲಗುವ ಕತೆ. ಭೂಮಿಯ ಗಾಳಿ ಅವರಿಗೆ ಒಗ್ಗುವುದಿಲ್ಲವಂತೆ, ಅದಕ್ಕೆ ಪೆಟ್ಟಿಗೆ. ಶಾಲಾ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಮಾಡುವ ನಾವು ನೋಡುವುದನ್ನು ಎಂದೋ ಬಿಟ್ಟಿದ್ದೆವು.

ಪೆಟ್ಟಿಗೆ ಪ್ಲೈವುಡ್ಡಿನದು, ತೊಟ್ಟಿಯಷ್ಟು ಆಳ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ನಾನು ಕತೆಗಾರನ ಕಾಲಿನ ಕೆಳಗೆ ಕೈ ಹಾಕಿದೆ. ಅಲ್ಲಿ ಹಾಸಿದ್ದ ಸ್ಪಂಜು ಹಲಗೆಯ ಹಾಗೆ ಸೆಟೆದು ತಣ್ಣಗಿತ್ತು. ದೀಪದವನೂ ನಾನೂ ಸೇರಿ ಅವನನ್ನು ಎತ್ತಿ ನೆಲದ ಮೇಲೆ ಮಲಗಿಸಿದೆವು. ಎದುರಿನ ದವಾಖಾನೆಯ ಡಾಕ್ಟರು ಓಡಿ ಬಂದು ಎದೆ ಒತ್ತಿದರು, ಕಣ್ಣು ನೋಡಿದರು, ಆಮೇಲೆ ಎದ್ದು ನಿಂತು ಇಲ್ಲವೆಂದು ತಲೆಯಾಡಿಸಿದರು.

ನಾನೂ, ನಮ್ಮ ಧಾರಾವಾಹಿ ಬರೆಯುತ್ತಿದ್ದ ಆ ಕತೆಗಾರನೂ ಕೆಲಸವಿಲ್ಲದ ಕಾಲದಲ್ಲಿ ಒಂದೇ ಕೋಣೆಯಲ್ಲಿ ಒಂದೇ ಕಂಬಳಿ ಹೊದ್ದವರು. ಅಳು ಬರಬೇಕಿತ್ತು. ಇವತ್ತಿನ ಅರ್ಧ ದಿನದ ಚಿತ್ರೀಕರಣ ಹೋಯಿತಲ್ಲ ಅನ್ನಿಸಿತು, ಅಷ್ಟೇ. ಸಹನಿರ್ದೇಶಕನ ಕೆಲಸ ಮಾಡಿ ಮಾಡಿ ನನ್ನೊಳಗೇ ಯಾರೋ ಸೈಲೆನ್ಸ್ ಎಂದು ಕೂಗಿಬಿಟ್ಟಿರಬೇಕು.

"ಯಾರೂ ಏನೂ ಮುಟ್ಟಬೇಡಿ," ಎಂಬ ದನಿ ಕೇಳಿತು. ಅದು ನನ್ನ ಚಿಕ್ಕಮ್ಮ.

ಚಿಕ್ಕಮ್ಮ ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ನಿವೃತ್ತಳಾದ ಮೇಲೆ ನನ್ನ ಮನೆಗೇ ಬಂದು ಇದ್ದಾಳೆ. ನಾನು ಮರೆತು ಬಂದ ಕನ್ನಡಕ ಕೊಡಲು ಒಮ್ಮೆ ಸೆಟ್ಟಿಗೆ ಬಂದವಳನ್ನು ನಿರ್ದೇಶಕರು ನೋಡಿ, ಪರಗ್ರಹದ ಅಜ್ಜಿಯ ಪಾತ್ರ ಕೊಟ್ಟುಬಿಟ್ಟರು. ಪರಗ್ರಹದವರು ರೆಪ್ಪೆ ಮಿಟುಕಿಸಬಾರದು. ಅದನ್ನು ಉಳಿದ ನಟರಿಗೆ ಕಲಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಕಳ್ಳರನ್ನು ದಿಟ್ಟಿಸಿ ಅಭ್ಯಾಸವಾದ ಚಿಕ್ಕಮ್ಮನಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ಆಮೇಲೆ ಸೆಟ್ಟಿನಲ್ಲಿ ಏನು ಕಳೆದರೂ ಮೊದಲು ಅಜ್ಜಿಗೆ ಹೇಳುವುದು ರೂಢಿಯಾಯಿತು.

ಅರ್ಧ ವೇಷದಲ್ಲಿದ್ದಳು. ಹಣೆಯ ಮೇಲೆ ಒಂದೇ ಉಬ್ಬು, ಒಂದು ಕೆನ್ನೆ ಮಾತ್ರ ನೀಲಿ. ಹಾಗೆಯೇ ಬಂದು ಪೆಟ್ಟಿಗೆಯ ಮೇಲೆ ಬಗ್ಗಿದಳು. ದೀಪದವನಿಂದ ಬೆಂಕಿಪೊಟ್ಟಣ ಈಸಿಕೊಂಡು ಕಡ್ಡಿ ಗೀರಿ, ಮೆಲ್ಲನೆ ಒಳಗಿಳಿಸಿದಳು. ಕಾಲಿನ ಮೂಲೆಯ ತಳ ಮುಟ್ಟುವ ಮೊದಲೇ ಕಡ್ಡಿ ಆರಿಹೋಯಿತು. ಇನ್ನೊಂದು ಗೀರಿದಳು. ಅದೂ ಆರಿತು.

"ಇಲ್ಲಿ ಗಾಳಿ ಇಲ್ಲ," ಅಂದಳು. "ಹೊಗೆಯಣ್ಣನ್ನ ಕರಿ."

ಸೆಟ್ಟಿಗೆ ಮಂಜಿನಂಥ ಹೊಗೆ ಬಿಡುವವನು ಹೊಗೆಯಣ್ಣ. ನೀಲಿಯ ಅಪ್ಪ. ತಾಯಿಯಿಲ್ಲದ ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಡಲಾರದೆ ದಿನವೂ ಕರೆತರುತ್ತಿದ್ದ. ಹಾಗೆ ಬಂದು ಮೂಲೆಯಲ್ಲಿ ಕುಳಿತ ಹುಡುಗಿಯೇ ನಾಯಕಿಯಾದದ್ದು. ಅವನ ಸರಕು ಡ್ರೈ ಐಸು. ನೋಡಲು ಮಂಜುಗಡ್ಡೆಯ ತುಂಡು, ಆದರೆ ಕರಗಿ ನೀರಾಗುವುದಿಲ್ಲ, ಗಾಳಿಯಾಗಿ ಹೋಗುತ್ತದೆ. ಬಿಸಿನೀರು ಸುರಿದರೆ ಬಿಳಿ ಹೊಗೆ ಉಕ್ಕುತ್ತದೆ. ಸುಮ್ಮನೆ ಇಟ್ಟರೆ ಏನೂ ಕಾಣುವುದಿಲ್ಲ. ಆ ಗಾಳಿ ಮಾತ್ರ ತಗ್ಗಿನಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ.

ಹೊಗೆಯಣ್ಣ ತನ್ನ ಥರ್ಮೋಕೋಲ್ ಡಬ್ಬಿ ತೆರೆದು ನೋಡಿದ. "ಅರ್ಧ ಖಾಲಿ ಆಗಿದೆ ಅಮ್ಮ. ನಾನು ತೆಗೀಲಿಲ್ಲ." ಅವನ ದಪ್ಪ ಚರ್ಮದ ಕೈಗವಸುಗಳು ಯಾವತ್ತಿನ ಹಾಗೆ ಮೊಳೆಗೆ ನೇತುಬಿದ್ದಿದ್ದವು.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರು. ಹಿಂದೆ ಚಿಕ್ಕಮ್ಮನ ಕೈಕೆಳಗೆ ಇದ್ದವರು, ಅಭ್ಯಾಸ ಬಲದಿಂದ ಸೆಲ್ಯೂಟ್ ಹೊಡೆದು, ನೀಲಿ ಕೆನ್ನೆ ಕಂಡು ಕೈ ಅರ್ಧಕ್ಕೇ ಇಳಿಸಿದರು. ಅವರ ಲೆಕ್ಕ ಬೇಗ ಮುಗಿಯಿತು. ನಾಯಕಿಯನ್ನು ತನ್ನ ಗ್ರಹಕ್ಕೆ ವಾಪಸು ಕಳಿಸಿ ಧಾರಾವಾಹಿ ಮುಗಿಸುವುದಾಗಿ ಕತೆಗಾರ ಆ ವಾರವೇ ಹೇಳಿದ್ದ. ಮಗಳ ಅನ್ನ ಹೋಗುತ್ತದೆ. ಮಂಜುಗಡ್ಡೆ ಅಪ್ಪನದು.

"ಬೆಂಕಿ ಇಲ್ಲದೆ ಹೊಗೆ ಬರಲ್ಲ ಮೇಡಂ," ಅಂದರು ಇನ್ಸ್‌ಪೆಕ್ಟರು.

"ನನ್ನ ಹೊಟ್ಟೆ ತುಂಬೋದೇ ಬೆಂಕಿ ಇಲ್ಲದ ಹೊಗೆಯಿಂದ ಸಾಹೇಬ್ರೇ," ಅಂದ ಹೊಗೆಯಣ್ಣ. ತಮಾಷೆಗೆ ಹೇಳಿದ್ದಲ್ಲ. ನೀಲಿ ಅವನ ಅಂಗಿಯ ಚುಂಗು ಹಿಡಿದು ನಿಂತಿದ್ದಳು. ಅಪ್ಪ ಜೈಲಿಗೆ ಹೋದರೆ ಅವಳಿಗೆ ಹೋಗಲು ಯಾವ ಗ್ರಹವೂ ಇರಲಿಲ್ಲ.

"ಸಂಜೆ ತನಕ ತಡೀಪ್ಪ," ಎಂದು ಚಿಕ್ಕಮ್ಮ ಇನ್ಸ್‌ಪೆಕ್ಟರಿಗೆ ಹೇಳಿ, ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಕತೆಗಾರ ದಿನಾ ಅಲ್ಲೇ ಮಲಗ್ತಿದ್ನಾ?"

"ಇಲ್ಲ. ದಿನಾ ಸ್ಟಾಫ್ ರೂಮ್ ಸೆಟ್ಟಿನ ಸೋಫಾ ಮೇಲೆ. ಇವತ್ತು ಅಲ್ಲಿ ನಾಯಕ ಹುಡುಗನ ತಾಯಿ ಕೂತಿದ್ರು. ಮಗನಿಗೆ ಡೈಲಾಗು ಕಮ್ಮಿ ಆಯ್ತು ಅಂತ ಬೆಳಗ್ಗೆ ಇವನ ಹತ್ರ ಜಗಳ ಆಡಿ, ಮುನಿಸ್ಕೊಂಡು ಎದ್ದೇ ಇಲ್ಲ. ಇವನಿಗೆ ನೆಗಡಿ, ಮಾತ್ರೆ ಬೇರೆ ನುಂಗಿದ್ದ. ಬಡಗಿಗಳ ಸದ್ದು ತಡೀಲಾರದೆ ಪೆಟ್ಟಿಗೆ ಒಳಗೆ ಹೋಗಿ ಮುಚ್ಚಳ ಹಾಕ್ಕೊಂಡಿರಬೇಕು. ಎತ್ತೋವಾಗ ಕಾಲಿನ ಕೆಳಗಿನ ಸ್ಪಂಜು ಗಟ್ಟಿಯಾಗಿತ್ತು."

"ಸ್ಪಂಜು ಗಟ್ಟಿ ಇತ್ತು ಅಂದೆಯಲ್ಲ. ಮೇಲೋ, ಕೆಳಗೋ?"

ಹೋಗಿ ನೋಡಿದೆವು. ಮೇಲ್ಭಾಗ ಮೆತ್ತಗಾಗುತ್ತಿತ್ತು, ತಳ ಇನ್ನೂ ಹಲಗೆಯಂತಿತ್ತು. ಚಿಕ್ಕಮ್ಮ ಹೂಂ ಅಂದು ಪೆಟ್ಟಿಗೆಗೆ ಒಂದು ಸುತ್ತು ಬಂದಳು. ಪೆಟ್ಟಿಗೆಯ ಹಿಂದೆ ನೆಲದ ಹತ್ತಿರ ಒಂದು ದೀಪ, ಮುಚ್ಚಳದ ಅಂಚಿಗೆ ಗುರಿಯಿಟ್ಟು ನಿಂತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ದೀಪದಲ್ಲೇನಿದೆ ಎಂದುಕೊಂಡೆ ನಾನು.

ಕ್ಯಾಂಟೀನಿನವಳು ಚಹಾ ತಂದಳು. ಸ್ಟೀಲ್ ಲೋಟ, ಆಗಷ್ಟೇ ಕುದಿಸಿದ ಚಹಾ. ನಾನು ತುದಿ ಬೆರಳಲ್ಲಿ ಹಿಡಿದೂ ತಡೆಯಲಾರದೆ ಕೆಳಗಿಟ್ಟೆ. ನಾಯಕ ಹುಡುಗನ ತಾಯಿ ಸೆರಗು ಸುತ್ತಿ ಹಿಡಿದರು. ನಿರ್ದೇಶಕರು ಲೋಟವನ್ನು ಅಂಗೈ ತುಂಬ ಹಿಡಿದುಕೊಂಡು ಗೋಡೆ ನೋಡುತ್ತ ಕುಳಿತೇ ಇದ್ದರು. ಪಾಪ, ಸುಡುವುದೂ ಗೊತ್ತಾಗುತ್ತಿಲ್ಲ, ಅಷ್ಟು ಆಘಾತ ಎಂದುಕೊಂಡೆ. ನನ್ನಂತೆ ಇನ್ನೊಬ್ಬರಿದ್ದಾರಲ್ಲ ಎಂದು ತುಸು ಸಮಾಧಾನವೂ ಆಯಿತು.

ಸಂಜೆ ಚಿಕ್ಕಮ್ಮ ಎಲ್ಲರನ್ನೂ ತರಗತಿಯ ಸೆಟ್ಟಿನಲ್ಲಿ ಸೇರಿಸಿದಳು. ಇನ್ಸ್‌ಪೆಕ್ಟರು ಮೊದಲ ಬೆಂಚು, ಹೊಗೆಯಣ್ಣ ಮತ್ತು ನೀಲಿ ಅವರ ಹಿಂದೆ, ಆಮೇಲೆ ದೀಪದವನು, ನಾಯಕ ಹುಡುಗನ ತಾಯಿ. ನಿರ್ದೇಶಕರು ಕೊನೆ ಬೆಂಚಿನಲ್ಲಿ. ಚಿಕ್ಕಮ್ಮ ಮೇಷ್ಟರ ಮೇಜಿಗೆ ಒರಗಿ ನಿಂತಳು. ಕೆನ್ನೆ ಇನ್ನೂ ನೀಲಿಯಾಗಿತ್ತು, ಒಬ್ಬರಿಗೂ ನಗು ಬರಲಿಲ್ಲ.

"ಸ್ಪಂಜಿನ ತಳ ಹೆಪ್ಪುಗಟ್ಟಿತ್ತು," ಎಂದು ಶುರು ಮಾಡಿದಳು. "ಅಂದ್ರೆ ಐಸ್ ಇಟ್ಟಿದ್ದು ಸ್ಪಂಜಿನ ಕೆಳಗೆ. ಮಲಗಿದವನ ಕೆಳಗೆ ಸ್ಪಂಜು ಎತ್ತಿ ಇಡೋಕಾಗಲ್ಲ, ಎದ್ದುಬಿಡ್ತಾನೆ. ಅವನು ಮಲಗೋಕೆ ಮುಂಚೇನೇ ಇಟ್ಟಿದ್ದು. ಆದ್ರೆ ಅವನು ಅಲ್ಲಿ ಮಲಗ್ತಾನೆ ಅಂತ ಅವನಿಗೇ ಗೊತ್ತಿರಲಿಲ್ಲ. ಸೋಫಾ ಖಾಲಿ ಇದ್ದಿದ್ರೆ ಅಲ್ಲೇ ಹೋಗ್ತಿದ್ದ. ಹಾಗಾದ್ರೆ ಐಸ್ ಇಟ್ಟವರು ಅವನನ್ನ ಕೊಲ್ಲೋಕೆ ಇಡಲಿಲ್ಲ."

ನಾಯಕ ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮತ್ಯಾಕೆ ಇಟ್ರು ಮೇಡಂ?" ಅಂದರು ಇನ್ಸ್‌ಪೆಕ್ಟರು.

"ಡ್ರೈ ಐಸ್ ಯಾಕಪ್ಪ ಇಡ್ತಾರೆ ಇಲ್ಲಿ? ಹೊಗೆಗೆ. ಹೊಗೆಯಣ್ಣ, ಪೆಟ್ಟಿಗೆ ಒಳಗೆ ಹೊಗೆ ಬೇಕು ಅಂತ ಯಾರಾದ್ರೂ ಕೇಳಿದ್ರಾ?"

ಹೊಗೆಯಣ್ಣ ತಲೆ ಎತ್ತಲಿಲ್ಲ. "ಕೇಳಿದ್ರು. ಬೆಳಗ್ಗೆ, ಮುಚ್ಚಳ ತೆಗೆದ ತಕ್ಷಣ ಉಕ್ಕಬೇಕು ಅಂದ್ರು. ಮುಚ್ಚಿದ ಜಾಗ, ಮಗು ಮಲಗೋದು, ಆಗಲ್ಲ ಅಂದೆ. ಸರಿ, ಹೊಗೆ ಬೇಡ ಬಿಡು ಅಂದ್ರು."

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ಸರ್ ಬೇಡ ಅಂದ್ಮೇಲೆ ಮುಗೀತಲ್ಲ ಅಮ್ಮ. ಅವರ ಮೇಲೆ ಯಾಕೆ ಹಾಕ್ಲಿ?"

ಚಿಕ್ಕಮ್ಮ ದೀಪದವನ ಕಡೆ ತಿರುಗಿದಳು. "ಹೊಗೆ ಚೆನ್ನಾಗಿ ಕಾಣಬೇಕಾದ್ರೆ ದೀಪ ಎಲ್ಲಿಡ್ತೀಯಪ್ಪ?"

"ಹಿಂದೆ. ಮುಂದಿಂದ ಬಿಟ್ರೆ ಹೊಗೆ ಕಾಣಲ್ಲ."

"ಹೊಗೆ ಬೇಡ ಅಂತ ಬೆಳಗ್ಗೇನೇ ತೀರ್ಮಾನ ಆಗಿತ್ತು. ಊಟಕ್ಕೆ ಮುಂಚೆ ಪೆಟ್ಟಿಗೆ ಹಿಂದೆ ದೀಪ ಇಡು ಅಂದವರು ಯಾರು?"

ದೀಪದವನು ಕೊನೆ ಬೆಂಚಿನ ಕಡೆ ಒಮ್ಮೆ ನೋಡಿದ. ಆಗ ಎಲ್ಲರೂ ತಿರುಗಿದರು.

"ಇಟ್ಟ ಐಸ್ ಏನಾಯ್ತು?" ಚಿಕ್ಕಮ್ಮನ ದನಿ ಏರಲೇ ಇಲ್ಲ. "ನಾವು ನೋಡಿದಾಗ ಇರಲಿಲ್ಲ. ಪೂರ್ತಿ ಗಾಳಿಯಾಗೋಕೆ ಊಟದ ಹೊತ್ತು ಸಾಲಲ್ಲ. ಅಂದ್ರೆ ಯಾರೋ ತೆಗೆದಿದಾರೆ. ಹೊಗೆಯಣ್ಣ ಆದ್ರೆ ಕೈಗವಸು ಹಾಕ್ಕೋತಿದ್ದ. ಕೈಗವಸು ತರೋಕೆ ವ್ಯವಧಾನ ಇಲ್ಲದವರು ಬರಿಗೈಲಿ ತೆಗೆದಿದಾರೆ. ಬರಿಗೈಲಿ ಹಿಡಿದ್ರೆ ಬೆರಳು ಸತ್ತ ಹಾಗಾಗುತ್ತೆ. ಕುದಿಯೋ ಚಹಾ ಹಿಡಿದ್ರೂ ತಿಳಿಯಲ್ಲ. ಸರ್, ಸ್ವಲ್ಪ ಕೈ ತೋರಿಸ್ತೀರಾ?"

ನಿರ್ದೇಶಕರು ಎರಡು ಕೈಯನ್ನೂ ಬೆಂಚಿನ ಮೇಲೆ ಇಟ್ಟರು, ಹೋಂವರ್ಕ್ ತೋರಿಸುವ ಹುಡುಗನ ಹಾಗೆ. ಬೆರಳ ತುದಿಗಳು ಮೇಣದಂತೆ ಬೆಳ್ಳಗಾಗಿ ಬೊಬ್ಬೆ ಎದ್ದಿದ್ದವು.

"ಶಾಟ್ ತುಂಬಾ ಚೆನ್ನಾಗಿ ಬರ್ತಿತ್ತು," ಅಂದರು. ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ. "ಕೊನೇ ಗಳಿಗೇಲಿ ಬಿಸಿನೀರು ಸುರಿಯೋಣ ಅಂತಿದ್ದೆ. ಫ್ಲಾಸ್ಕ್ ತಗೊಂಡು ಬಂದೆ. ನೋಡಿದ್ರೆ ಇವನು ಒಳಗಿದ್ದ. ಕರೆದೆ. ಏಳಲಿಲ್ಲ."

"ಆಮೇಲೆ?"

"ಐಸ್ ತೆಗೆದು ಹಿಂದಿನ ಚರಂಡಿಗೆ ಎಸೆದೆ. ಮುಚ್ಚಳ ಹಾಕಿದೆ."

"ಐಸ್ ಇವನ ಕಾಲಿನ ಕೆಳಗಿತ್ತು. ಹೇಗೆ ತೆಗೆದ್ರಿ?"

"ಕಾಲು ಎತ್ತಿ."

"ಕಾಲು ಎತ್ತಿದವರಿಗೆ ಮನುಷ್ಯನನ್ನ ಎತ್ತೋಕೆ ಆಗ್ಲಿಲ್ವಾ?" ಎಂದು ಕೇಳಿದಳು ಚಿಕ್ಕಮ್ಮ. "ಆಗ ಉಸಿರಾಡ್ತಿದ್ನಾ?"

"ಗೊತ್ತಿಲ್ಲ," ಅಂದರು ನಿರ್ದೇಶಕರು. "ನೋಡಲಿಲ್ಲ."

ಬೆಂಚುಗಳು ಕಿರುಗುಟ್ಟುವುದೂ ನಿಂತುಹೋಯಿತು. ನಾನು ಎಷ್ಟೋ ವರ್ಷ ಕೂಗಿ ಕೂಗಿ ಪಡೆಯಲಾಗದಿದ್ದ ಮೌನ ಅದು.

"ನೋಡಿದೆಯಾಪ್ಪ," ಎಂದು ಚಿಕ್ಕಮ್ಮ ಇನ್ಸ್‌ಪೆಕ್ಟರಿಗೆ ಹೇಳಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೆ. ಊಟ ಆದ್ಮೇಲೆ ಆ ಪೆಟ್ಟಿಗೇಲಿ ಮಲಗಬೇಕಾಗಿದ್ದು ಯಾರು ಅಂತ ಒಂದು ಸಲ ಕೇಳಿದ್ರೆ ಸಾಕಿತ್ತು. ಯಾವ ಅಪ್ಪ ಅಲ್ಲಿ ಐಸ್ ಇಡ್ತಾನೆ?"

ಇನ್ಸ್‌ಪೆಕ್ಟರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ತುಸು ಹೊತ್ತಿನ ಮೇಲೆ ನಿರ್ದೇಶಕರನ್ನು ಕರೆದುಕೊಂಡು ಹೋದರು. ಬಾಗಿಲ ಬಳಿ ನಿರ್ದೇಶಕರು ತಿರುಗಿ, ಹಿಂದಿನ ದೀಪ ಆರಿಸುವಂತೆ ದೀಪದವನಿಗೆ ಹೇಳಿದರು. ಅವನು ಹೋಗಿ ಆರಿಸಿದ.

ಹೊಗೆಯಣ್ಣ ಚಿಕ್ಕಮ್ಮನ ಕಾಲಿಗೆ ಬೀಳಲು ಬಂದ. ಅವಳು ಅವನ ಭುಜ ಹಿಡಿದು ನಿಲ್ಲಿಸಿದಳು. ಆಗ ನೀಲಿ ಕೇಳಿದಳು, "ಅಜ್ಜಿ, ಕತೆಗಾರರು ಮಲಗದೇ ಇದ್ದಿದ್ರೆ ಅಲ್ಲಿ ನಾನು ಮಲಗ್ತಿದ್ದೆ ಅಲ್ವಾ?"

ಯಾವ ಪ್ರಶ್ನೆಗೂ ತಡವರಿಸದ ಚಿಕ್ಕಮ್ಮ ರೆಪ್ಪೆ ಮಿಟುಕಿಸಿದಳು. ಒಮ್ಮೆಯಲ್ಲ, ನಾಲ್ಕಾರು ಸಲ. "ನಿನ್ನಪ್ಪ ಬೇಡ ಅಂದಿದ್ದ ಕಣೇ," ಅಂದಳು. "ಅದನ್ನ ನೆನಪಿಟ್ಕೋ. ಈಗ ಮುಖ ತೊಳಕೋ ಹೋಗು."

ಮನೆಗೆ ಬಂದಾಗ ಕತ್ತಲಾಗಿತ್ತು. ಚಿಕ್ಕಮ್ಮ ಕೆನ್ನೆಯ ಬಣ್ಣ ತೊಳೆಯದೆಯೇ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದಳು. "ಬಿಸಿ ಇದೆ, ಅಂಚು ಹಿಡ್ಕೋ," ಅಂದಳು. ನಾನು ಕೇಳಿಸಿಕೊಂಡರೂ ಲೋಟವನ್ನು ಅಂಗೈ ತುಂಬ ಹಿಡಿದೆ.

ಕೈ ಸುಟ್ಟಿತು. ಚಹಾ ಮೊಣಕಾಲ ಮೇಲೆಲ್ಲ ಚೆಲ್ಲಿತು. ಚಿಕ್ಕಮ್ಮ ಬೈಯಲಿಲ್ಲ, ಬಟ್ಟೆ ತಂದು ಒರೆಸತೊಡಗಿದಳು. ನನಗೆ ಆ ಕೋಣೆ ನೆನಪಾಯಿತು. ಚಳಿಗೆ ಒಂದೇ ಕಂಬಳಿಯನ್ನು ಇಬ್ಬರೂ ಎಳೆದಾಡುತ್ತಿದ್ದೆವು, ಕೊನೆಗೆ ನನ್ನ ಕಾಲು ಮುಚ್ಚಿದೆಯೇ ಎಂದು ಅವನೇ ಎದ್ದು ನೋಡುತ್ತಿದ್ದ. ಆಗ ಅಳು ಬಂತು.