ಐದನೇ ತಟ್ಟೆಯ ಮಡಿಕೆ ಕಾಳು

ಐದನೇ ತಟ್ಟೆಯ ಮಡಿಕೆ ಕಾಳು ಇವತ್ತೂ ಮೊಳಕೆ ಒಡೆದಿರಲಿಲ್ಲ. ಮಾನಸಿ ತಟ್ಟೆಯ ಮೇಲೆ ಬಗ್ಗಿ ಮತ್ತೊಮ್ಮೆ ನೋಡಿದಳು.

ಅವಳ ಅಕ್ಕ ಸೌಮ್ಯಾ ಹುಬ್ಬಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಳು. ಬೇಸಿಗೆ ರಜೆಯಲ್ಲಿ ಧಾರವಾಡದ ಲ್ಯಾಬಿನಲ್ಲಿ ರಿಸರ್ಚ್ ಮಾಡಲು ಇಡೀ ಕಾಲೇಜಿನಿಂದ ಆರಿಸಿದ್ದು ಅವಳೊಬ್ಬಳನ್ನೇ. ಕಾಳು ಎಷ್ಟು ಉಪ್ಪುನೀರು ತಡೆದುಕೊಳ್ಳುತ್ತದೆ ಎಂದು ನೋಡಬೇಕಿತ್ತು. ಒಂದೊಂದು ತಟ್ಟೆಗೂ ಹಿಂದಿನದಕ್ಕಿಂತ ಹೆಚ್ಚು ಉಪ್ಪು, ಐದನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು. ಶನಿವಾರ, ಭಾನುವಾರ ಲ್ಯಾಬಿಗೆ ಬೀಗ. ಅದಕ್ಕೇ ಐದೂ ತಟ್ಟೆ ಮನೆಗೆ ಬಂದಿದ್ದವು.

ಮಾನಸಿ ತಮ್ಮ ಬೆಂಗೇರಿಯ ಓಣಿಯ ತುಂಬ, "ನಮ್ಮಕ್ಕ ಸೈಂಟಿಸ್ಟ್, ನಾ ಅಸಿಸ್ಟಂಟ್ ಸೈಂಟಿಸ್ಟ್" ಎಂದು ಡಂಗುರ ಹೊಡೆದಿದ್ದಳು. ಅಸಿಸ್ಟಂಟಿನ ಕೆಲಸ ತಟ್ಟೆಗಳ ಹತ್ತಿರ ಬೆಕ್ಕು ಬಾರದಂತೆ ಕಾಯುವುದಷ್ಟೇ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಾಳೆ ಲ್ಯಾಬಿನ ಸರ್ ಅಕ್ಕನನ್ನು ಬೈದರೆ?

ಅಡುಗೆಮನೆಯಲ್ಲಿ ಅವ್ವ ಪಲ್ಯಕ್ಕೆಂದು ಬಟ್ಟೆಯಲ್ಲಿ ಕಟ್ಟಿಟ್ಟ ಮಡಿಕೆ ಕಾಳಿಗೆ ಉದ್ದುದ್ದ ಮೊಳಕೆ ಬಂದಿದ್ದವು. ಮಾನಸಿಯ ತಲೆ ಓಡಿತು. ತನ್ನ ತಲೆ ಓಡಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಎಡವಟ್ಟಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಇಪ್ಪತ್ತು ಕಾಳು ಎಣಿಸಿ ಅದಲುಬದಲು ಮಾಡಿಯೇಬಿಟ್ಟಳು.

ಸ್ನಾನ ಮುಗಿಸಿ ಬಂದ ಅಕ್ಕ ತಟ್ಟೆ ನೋಡಿ ಕುಣಿದಾಡಿದಳು. "ಅವ್ವಾ! ಇಷ್ಟು ಉಪ್ಪುನೀರಿನ್ಯಾಗ ಮೊಳಕಿ ಬಂದಾವ! ಸರ್‌ಗೆ ಈಗ ಫೋನ್ ಮಾಡ್ತೇನಿ!"

ಮಾನಸಿ ಅಕ್ಕನ ಕೈ ಹಿಡಿದಳು. "ಅಕ್ಕಾ, ತಡಿ... ಅವು ಅವ್ವನ ಪಲ್ಯಾದ ಕಾಳು."

"ಏನಂದಿ? ಯಾಕ ಹಿಂಗ ಮಾಡಿದಿ?"

"ನಿನಗ ಸೊನ್ನಿ ಬೀಳ್ತೈತಿ ಅಂತ..."

ಅಕ್ಕ ಫೋನನ್ನು ಕೆಳಗಿಟ್ಟಳು. ಐದನೇ ತಟ್ಟೆಯಿಂದ ಪಲ್ಯದ ಕಾಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಮಾನಸಿಗೆ.

"ನನ್ನ ಕಾಳು ಎಲ್ಲಿ ಅದಾವ?"

ಮಾನಸಿ ಫ್ರಾಕಿನ ಕಿಸೆಯಿಂದ ಒದ್ದೆ ಕಾಳು ತೆಗೆದಳು.

"ಎಣಿಸು. ಎಷ್ಟಕ್ಕ ಮೊಳಕಿ ಬಂದಾವ?"

"ಒಂದಕ್ಕೂ ಇಲ್ಲ."

"ಸೊನ್ನಿ ಆದ್ರೂ ಅದ ಖರೇ ಉತ್ತರ, ನನಗ ಬೇಕಾಗಿದ್ದೂ ಅದ. ತಗೋ, ನೀನ ಬರಿ. ಕಿಸೇದಾಗ ಇಟ್ಕೊಂಡಿದ್ದೂ ಬರಿ. ಸರ್ ಮತ್ತ ಮೊದಲಿಂದ ಮಾಡು ಅಂದ್ರ ಮಾಡ್ತೇನಿ."

ಗಣಿತದ ಪೇಪರಿನಲ್ಲಿ ಸೊನ್ನೆ ಬಂದಾಗಲೆಲ್ಲ ಅದರ ಮೇಲೆ ಬೆರಳಿಟ್ಟು ಮುಚ್ಚುತ್ತಿದ್ದ ಮಾನಸಿ, ಅಕ್ಕನ ನೋಟ್‌ಬುಕ್ಕಿನಲ್ಲಿ ದೊಡ್ಡದೊಂದು ಸೊನ್ನೆ ಬರೆದಳು. ಅದರ ಕೆಳಗೆ, "ಈ ಕಾಳು ಅರ್ಧ ತಾಸು ಅಸಿಸ್ಟಂಟ್ ಸೈಂಟಿಸ್ಟ್ ಕಿಸೆಯಲ್ಲಿದ್ದವು" ಎಂದು ಬರೆದಳು.

ಸ್ವಲ್ಪ ಯೋಚಿಸಿ, "ಅಸಿಸ್ಟಂಟ್ ಸೈಂಟಿಸ್ಟ್" ಹೊಡೆದುಹಾಕಿ "ಮಾನಸಿಯ" ಎಂದು ತಿದ್ದಿದಳು. ಆಮೇಲೆ ಹೋಗಿ ಬೆಕ್ಕು ಬಾರದಂತೆ ಕಾಯುತ್ತ ತಟ್ಟೆಗಳ ಪಕ್ಕ ಕೂತಳು.